ಸಂಕ್ರಾಂತಿಗೆ ಹೊಸ ಆಲೂಗೆಡ್ಡೆ ಬೇಕಾದರೆ ಹಿತ್ತಿಲಲ್ಲಿ ಯಾವಾಗ ನೆಡಬೇಕು?

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ಹಿತ್ತಿಲಲ್ಲಿ ಇಪ್ಪತ್ತು ಅಡಿ ಉದ್ದ, ಎಂಟು ಅಡಿ ಅಗಲದ ಕೆಮ್ಮಣ್ಣಿನ ಮಡಿಯೊಂದನ್ನು ಆಲೂಗೆಡ್ಡೆಗೆಂದು ಇಟ್ಟುಕೊಂಡಿದ್ದೇನೆ. ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿದೆ. ಕಳೆದ ವರ್ಷ ಬೇಗ ಬೆಳೆ ತೆಗೆಯುವ ಆಸೆಯಿಂದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಅಡುಗೆಮನೆಯ ಗೆಡ್ಡೆಗಳನ್ನೇ ಕತ್ತರಿಸಿ ನೆಟ್ಟೆ. ಅರ್ಧಕ್ಕರ್ಧ ಮೊಳೆಯಲೇ ಇಲ್ಲ. ಕೆದಕಿ ನೋಡಿದರೆ ಕೊಳೆತಿದ್ದವು. ಮೊಳೆತ ಗಿಡಗಳು ಚೆನ್ನಾಗಿಯೇ ಬಂದವು, ಆದರೆ ನವೆಂಬರಿನ ಜಡಿಮಳೆಯಲ್ಲಿ ನಾಲ್ಕೇ ದಿನದಲ್ಲಿ ಎಲೆಯೆಲ್ಲ ಕರಿಗಟ್ಟಿ ಹೋಯಿತು. ಅಗೆದಾಗ ಸಿಕ್ಕಿದ್ದು ನಿಂಬೆಕಾಯಿ ಗಾತ್ರದ ಗೆಡ್ಡೆಗಳು. ಈ ಸಲ ಸಂಕ್ರಾಂತಿಯ ಅಡುಗೆಗೆ ನಮ್ಮ ಹಿತ್ತಿಲದೇ ಹೊಸ ಆಲೂಗೆಡ್ಡೆ ಬೇಕು. ಯಾವಾಗ ನೆಡಲಿ?

ಉತ್ತರ: ಚುಟುಕಾಗಿ ಹೇಳುವುದಾದರೆ, ಮೊಳಕೆ ಬರಿಸಿದ ಇಡೀ ಗೆಡ್ಡೆಯನ್ನು ನವೆಂಬರ್ ಮೊದಲ ವಾರದಲ್ಲಿ, ಸ್ವಾತಿ ಮಳೆ ಕಳೆದು ಮಣ್ಣು ಹದಕ್ಕೆ ಬಂದ ಮೇಲೆ ನೆಡಿ. ಆದರೆ ಬರೀ ತಾರೀಖನ್ನು ಹಿಡಿದುಕೊಂಡರೆ ಮಳೆ ಹಿಂದುಮುಂದಾದ ವರ್ಷ ಮತ್ತೆ ಕೈ ಸುಟ್ಟುಕೊಳ್ಳುವಿರಿ. ಆ ತಾರೀಖು ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ಯಾವ ವರ್ಷವಾದರೂ ನೀವೇ ನಿರ್ಧರಿಸಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೇಗ ನೆಟ್ಟರೆ ಬೇಗ ಬೆಳೆ ಎಂಬ ಲೆಕ್ಕ ಹುರುಳಿಕಾಯಿಗೆ, ಮೂಲಂಗಿಗೆ ಹೊಂದೀತು. ಆಲೂಗೆಡ್ಡೆಗೆ ನಮ್ಮ ಸೀಮೆಯಲ್ಲಿ ಹೊಂದುವುದಿಲ್ಲ. ಚಳಿ ದೇಶಗಳಲ್ಲಿ ಮುಂಚಿತ ಆಲೂಗೆಡ್ಡೆ ಎಂದರೆ ಹಿಮ ಕರಗಿ ಮಣ್ಣು ಬೆಚ್ಚಗಾಗುತ್ತಿದ್ದಂತೆ ನೆಡುವ ಬೆಳೆ. ಅಲ್ಲಿಯವರು ಮಣ್ಣು ಕಾಯಲೆಂದು ಕಾಯುತ್ತಾರೆ, ನಾವು ಅದು ತಣಿಯಲೆಂದು ಕಾಯಬೇಕು. ಅಂತರ್ಜಾಲದಲ್ಲಿ, ವಿಡಿಯೊಗಳಲ್ಲಿ ಕಾಣುವ ಸಲಹೆಗಳು ಎಷ್ಟೋ ವೇಳೆ ಆ ದೇಶಗಳವು. ಅವನ್ನು ನೋಡಿ ಇಲ್ಲಿ ಫೆಬ್ರುವರಿ, ಮಾರ್ಚಿನಲ್ಲಿ ನೆಟ್ಟವರನ್ನು ನಾನು ಕಂಡಿದ್ದೇನೆ. ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ತಂಪು ನಾಡಿನದು; ಎಲ್ಲಿಗೆ ಬಂದರೂ ರಾತ್ರಿಯ ತಂಪನ್ನು ಅದು ಬಿಟ್ಟುಕೊಟ್ಟಿಲ್ಲ.

ಲೆಕ್ಕವನ್ನು ನೆಟ್ಟ ದಿನದಿಂದಲ್ಲ, ಬೆಳೆಯ ನಡುಭಾಗದಿಂದ ಹಿಡಿಯಬೇಕು. ಮೊದಲ ಮೂರು ನಾಲ್ಕು ವಾರ ಗಿಡವು ನೆಟ್ಟ ಗೆಡ್ಡೆಯ ಸತ್ತ್ವವನ್ನು ಉಂಡುಕೊಂಡು ಎಲೆ, ಬೇರು ಮಾಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಮಣ್ಣಿನೊಳಗೆ ಕಾಂಡದ ಬುಡದಿಂದ ಬಿಳಿಯ ದಾರದಂಥ ಕುಡಿಗಳು ಅಡ್ಡಡ್ಡಕ್ಕೆ ಹೊರಡುತ್ತವೆ. ಸುಮಾರು ಮೂವತ್ತರಿಂದ ನಲವತ್ತನೆಯ ದಿನದ ನಡುವೆ ಈ ಕುಡಿಗಳ ತುದಿ ಕೊಕ್ಕೆಯಂತೆ ಬಾಗಿ ಉಬ್ಬತೊಡಗುತ್ತದೆ, ಅದೇ ಗೆಡ್ಡೆ. ಅಲ್ಲಿಂದ ಅರವತ್ತು, ಎಪ್ಪತ್ತನೆಯ ದಿನದವರೆಗೆ ಅದು ದಪ್ಪವಾಗುತ್ತ ಹೋಗುತ್ತದೆ. ಈ ಅವಧಿಯಲ್ಲಿ ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿ ಸೆಖೆಯಿದ್ದರೆ ಎಲೆಗಳು ಹಗಲೆಲ್ಲ ದುಡಿದು ಕೂಡಿಟ್ಟ ಸಕ್ಕರೆಯನ್ನು ಗಿಡ ರಾತ್ರಿ ಉಸಿರಾಟದಲ್ಲೇ ಕರಗಿಸಿಬಿಡುತ್ತದೆ, ಕುಡಿಗಳು ಗೆಡ್ಡೆಯಾಗುವ ಬದಲು ಮೇಲೆದ್ದು ಎಲೆ ಬಿಡುತ್ತವೆ. ಮಣ್ಣು 30 ಡಿಗ್ರಿಯ ಹತ್ತಿರ ಹೋದರೆ ಗೆಡ್ಡೆ ಕಟ್ಟುವುದೇ ನಿಂತುಹೋಗುತ್ತದೆ.

ಈಗ ನಮ್ಮ ಹವಾಮಾನವನ್ನು ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಬಯಲಿನಲ್ಲಿ ಅಕ್ಟೋಬರ್ ರಾತ್ರಿಗಳು 19, 20 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ನವೆಂಬರಿನಲ್ಲಿ ಒಂದೆರಡು ಡಿಗ್ರಿ ಇಳಿದು, ಡಿಸೆಂಬರ್, ಜನವರಿಯಲ್ಲಿ 16ರ ಸುತ್ತಮುತ್ತ ನಿಲ್ಲುತ್ತವೆ. ಫೆಬ್ರುವರಿಯಲ್ಲಿ ಮತ್ತೆ ಏರತೊಡಗಿ ಮಾರ್ಚಿನ ಹೊತ್ತಿಗೆ 20 ತಲುಪುತ್ತವೆ. ಅಂದರೆ ಗೆಡ್ಡೆ ದಪ್ಪಗಾಗುವ ಮೂವತ್ತು, ಮೂವತ್ತೈದು ದಿನಗಳನ್ನು ಡಿಸೆಂಬರ್ ಆರಂಭದಿಂದ ಫೆಬ್ರುವರಿ ನಡುವಿನವರೆಗಿನ ಯಾವುದಾದರೊಂದು ಭಾಗದಲ್ಲಿ ಕೂರಿಸಬೇಕು. ಹಾಗೆ ಕೂರಿಸಿ ಹಿಂದಕ್ಕೆ ಮೂವತ್ತು ದಿನ ಎಣಿಸಿದರೆ ನಾಟಿಯ ಕಾಲ ಸಿಗುತ್ತದೆ.

ಇದಕ್ಕೆ ನಮ್ಮ ಹೊಲದಲ್ಲೇ ಒಂದು ಗುರುತಿದೆ. ನಮ್ಮ ನಾಟಿ ಸೊಗಡವರೆ ಹಗಲು ಕುಗ್ಗದೆ ಹೂ ಬಿಡುವುದಿಲ್ಲ. ಆಲೂಗೆಡ್ಡೆಗೂ ಕುಗ್ಗುವ ಹಗಲು ಗೆಡ್ಡೆ ಕಟ್ಟಲು ಪ್ರೇರಣೆ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಮೂರನೆಯ ವಾರದ ಹಗಲು ಹನ್ನೊಂದೂಕಾಲು ಗಂಟೆಗಿಂತ ತುಸುವೇ ಹೆಚ್ಚು. ರಾಗಿ ಹೊಲದ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಅವರೆ ಹೂವಿನ ತೆನೆ ಎತ್ತಿದ್ದು ಕಂಡರೆ ನಾನು ಗುದ್ದಲಿ ಹುಡುಕುತ್ತೇನೆ. ಆದರೆ ಅದು ಹಳೆಯ ನಾಟಿ ಅವರೆಯೇ ಆಗಿರಬೇಕು. ಹೆಬ್ಬಾಳ ಅವರೆಯಂಥ ತಳಿಗಳು ವರ್ಷದ ಯಾವ ಕಾಲದಲ್ಲಾದರೂ ಹೂ ಬಿಡುವಂತೆ ರೂಪಿಸಿದವು; ಅವನ್ನು ನಂಬಿ ನೆಟ್ಟರೆ ಮೋಸ ಹೋಗುವಿರಿ.

ಹಾಗಾದರೆ ಸೆಪ್ಟೆಂಬರ್ ಕೊನೆಗೆ ನೆಟ್ಟ ನಿಮ್ಮ ಬೆಳೆಗೆ ನವೆಂಬರಿನ ತಂಪು ಸಿಕ್ಕಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಿಮ್ಮ ಬೆಳೆಯನ್ನು ಕೆಡಿಸಿದ್ದು ರಾತ್ರಿಯ ಸೆಖೆಯಲ್ಲ. ಮೊದಲ ಪೆಟ್ಟು ಮಣ್ಣಿನಿಂದ ಬಿತ್ತು, ಎರಡನೆಯದು ಮಳೆಯಿಂದ.

ಮೊದಲು ಮಣ್ಣಿನ ಸಂಗತಿ. ಸೆಪ್ಟೆಂಬರ್, ಅಕ್ಟೋಬರ್ ನಮ್ಮಲ್ಲಿ ವರ್ಷದ ಅತಿ ಹೆಚ್ಚು ಮಳೆಯ ತಿಂಗಳುಗಳು. ಉತ್ತರೆ, ಹಸ್ತ, ಚಿತ್ತೆ ಮೂರೂ ಒಂದರ ಹಿಂದೊಂದು ಸುರಿದರೆ ಕೆಮ್ಮಣ್ಣು ಮೇಲೆ ಹಪ್ಪಳಗಟ್ಟಿ, ಒಳಗೆ ಕೆಸರಾಗಿ ಉಳಿಯುತ್ತದೆ. ನಡುವೆ ನಾಲ್ಕು ದಿನ ಬಿಸಿಲು ಕಾಯ್ದರೆ ಆ ಕೆಸರು ಬೆಚ್ಚಗಾಗುತ್ತದೆ. ಕತ್ತರಿಸಿದ ಗೆಡ್ಡೆಯ ಹಸಿ ಮೈಗೆ ಬೆಚ್ಚನೆಯ ಕೆಸರಿಗಿಂತ ದೊಡ್ಡ ಶತ್ರುವಿಲ್ಲ. ಗಾಯಕ್ಕೆ ಸಿಪ್ಪೆಗಟ್ಟುವ ಮೊದಲೇ ಕೊಳೆಸುವ ದುಂಡಾಣುಗಳು ಒಳಹೊಕ್ಕು ಒಂದೇ ವಾರದಲ್ಲಿ ಹೋಳನ್ನು ಅಂಬಲಿ ಮಾಡಿಬಿಡುತ್ತವೆ. ಅಲ್ಲದೆ, ನಿಮ್ಮ ಸೀಮೆಯಲ್ಲಿ ಟೊಮೆಟೊ ಬೆಳೆಯದ ಹೊಲ ಕಡಿಮೆ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಬರುವ ದುಂಡಾಣು ಸೊರಗು ರೋಗವೇ ಆಲೂಗೆಡ್ಡೆಗೂ ಬರುತ್ತದೆ, ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮಣ್ಣು ಬೆಚ್ಚಗಿದ್ದಷ್ಟೂ ಚುರುಕಾಗುತ್ತದೆ. ಹಿಂದಿನ ಮೂರು ವರ್ಷದಲ್ಲಿ ಆ ಮಡಿಯಲ್ಲಿ ಇವುಗಳಲ್ಲಿ ಯಾವುದನ್ನಾದರೂ ಬೆಳೆದಿದ್ದರೆ ಆಲೂಗೆಡ್ಡೆಗೆ ಬೇರೆ ಜಾಗ ನೋಡಿ; ರಾಗಿ, ಜೋಳ, ಹುರುಳಿಕಾಯಿ, ಅವರೆ ಬೆಳೆದ ಜಾಗವಾದರೆ ಒಳ್ಳೆಯದು. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ನಿಂತರೆ, ಬುಡದ ಹತ್ತಿರ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಇಳಿಬಿಡಿ. ಕೊಯ್ದ ತುದಿಯಿಂದ ಹಾಲಿನ ಎಳೆಯಂತೆ ಬಿಳಿಯದು ಇಳಿದರೆ ಅದು ಆ ರೋಗವೇ. ಆ ಜಾಗದಲ್ಲಿ ಯಾವ ತಿಂಗಳು ನೆಟ್ಟರೂ ಪ್ರಯೋಜನವಿಲ್ಲ.

ಮಣ್ಣು ಸಿದ್ಧವಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಸೊಂಟದೆತ್ತರದಿಂದ ಕೈ ಬಿಟ್ಟಾಗ ಉಂಡೆ ಪುಡಿಪುಡಿಯಾಗಿ ಚೆದುರಿದರೆ ಹದ ಬಂದಿದೆ. ಚಪ್ಪಟೆಯಾಗಿ ನೆಲಕ್ಕಂಟಿದರೆ ಇನ್ನೂ ಮೂರು ನಾಲ್ಕು ದಿನ ತಡೆಯಬೇಕು. ಉಂಡೆಯೇ ಕಟ್ಟದಿದ್ದರೆ ಹಿಂದಿನ ದಿನ ನೀರು ಕೊಟ್ಟು ನೆಡಬೇಕು. ಎರಡನೆಯದು ಶಾಖ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸಾಧಾರಣ ಥರ್ಮಾಮೀಟರನ್ನು ನಾಲ್ಕು ಅಂಗುಲ ಆಳಕ್ಕೆ ಊರಿ ಮಧ್ಯಾಹ್ನ ಮೂರರ ಹೊತ್ತಿಗೆ ನೋಡಿ. ಸತತ ಮೂರು ದಿನ 25 ಡಿಗ್ರಿಯ ಆಸುಪಾಸಿನಲ್ಲಿದ್ದರೆ ನೆಡಬಹುದು. 28 ದಾಟುತ್ತಿದ್ದರೆ ಕಾಯಿರಿ, ಅಥವಾ ಮಡಿಯ ಮೇಲೆ ಒಣಹುಲ್ಲು, ತರಗು ಹೊದಿಸಿ ಒಂದು ವಾರ ಬಿಟ್ಟು ಮತ್ತೆ ನೋಡಿ. ಹೊದಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುವುದುಂಟು. ಥರ್ಮಾಮೀಟರು ಇಲ್ಲದವರು ಮಧ್ಯಾಹ್ನ ಕೈಯನ್ನು ಮಣ್ಣೊಳಗೆ ತೂರಿಸಿ ನೋಡಲಿ. ಹೂಜಿಯ ಹೊರಮೈಯಷ್ಟು ತಣ್ಣಗಿರಬೇಕೆಂದಿಲ್ಲ, ಆದರೆ ಬೆಚ್ಚಗಿದೆ ಅನ್ನಿಸಬಾರದು.

ಮಳೆಯದು ಇದಕ್ಕಿಂತ ತೊಡಕಿನ ವಿಚಾರ. ಪಂಚಾಂಗದಂತೆ ಚಿತ್ತೆ ಮಳೆ ಅಕ್ಟೋಬರ್ 10ರ ಹೊತ್ತಿಗೆ ಹುಟ್ಟಿ 23ರ ಹೊತ್ತಿಗೆ ಮುಗಿಯುತ್ತದೆ, ಸ್ವಾತಿ ಅಲ್ಲಿಂದ ನವೆಂಬರ್ 5ರವರೆಗೆ, ವಿಶಾಖೆ 19ರವರೆಗೆ, ಆಮೇಲೆ ಅನೂರಾಧೆ. ಇವು ಪಂಚಾಂಗದ ಗಡಿಗಳು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಚಂಡಮಾರುತ ಎದ್ದರೆ ಅದಕ್ಕೆ ಪಂಚಾಂಗದ ಹಂಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಪೂರ್ವ ಕರಾವಳಿಗೆ ಹತ್ತಿರವಿರುವುದರಿಂದ ಆ ಮೋಡ ನಮ್ಮ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. 2021ರ ನವೆಂಬರನ್ನು ಇಲ್ಲಿಯ ಯಾವ ರೈತರೂ ಮರೆತಿಲ್ಲ. ಕೊಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳೆತಿತ್ತು. ಅಂಥ ದೊಡ್ಡ ಮಳೆಯೇ ಬರಬೇಕೆಂದಿಲ್ಲ. ಆಲೂಗೆಡ್ಡೆಯನ್ನು ಕೆಡಿಸಲು ಸೂರ್ಯ ಕಾಣದ ಮೂರು ದಿನ, ಹನಿಹನಿ ಜಡಿ, ಎಲೆ ಒಣಗದ ರಾತ್ರಿ, ಇಷ್ಟು ಸಾಕು.

ನಿಮ್ಮ ಗಿಡಗಳಿಗೆ ಬಂದದ್ದು ಅಂಗಮಾರಿ ರೋಗ. 1845ರಿಂದ ಐರ್ಲೆಂಡಿನಲ್ಲಿ ಬರಗಾಲ ತಂದದ್ದು ಇದೇ ರೋಗ. ಇಪ್ಪತ್ತು ಡಿಗ್ರಿಯೊಳಗಿನ ತಂಪು ಮತ್ತು ತೊಯ್ದ ಎಲೆ ಎರಡೂ ಕೂಡಿದಾಗ ಇದು ಹಬ್ಬುತ್ತದೆ. ಎಲೆಯ ಅಂಚಿನಲ್ಲಿ ಬಿಸಿನೀರು ಚೆಲ್ಲಿದಂಥ ಮಚ್ಚೆ ಮೊದಲು ಕಾಣುತ್ತದೆ. ಬೆಳಿಗ್ಗೆ ಆ ಎಲೆಯನ್ನು ತಿರುವಿ ನೋಡಿದರೆ ಮಚ್ಚೆಯ ಸುತ್ತ ಬೆಳ್ಳಗೆ ಬೂಷ್ಟಿನ ಅಂಚು ಇರುತ್ತದೆ. ಅದು ಕಂಡ ಮೇಲೆ ನಿಮಗೆ ಉಳಿದಿರುವುದು ದಿನಗಳಲ್ಲ, ಗಂಟೆಗಳು. ಈ ರೋಗ ಹೆಚ್ಚು ಹಾನಿ ಮಾಡುವುದು ಗಿಡಗಳ ಎಲೆಗಳು ಒಂದಕ್ಕೊಂದು ತಗುಲಿ ಸಾಲು ಮುಚ್ಚಿಕೊಂಡ ಮೇಲೆ, ಅಂದರೆ ನೆಟ್ಟ ನಲವತ್ತು ದಿನದ ನಂತರ. ಆಗ ಕೆಳಗಿನ ಎಲೆಗಳಿಗೆ ಗಾಳಿ ಆಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ನೆಟ್ಟ ನಿಮ್ಮ ಬೆಳೆ ಸರಿಯಾಗಿ ನವೆಂಬರ್ ಜಡಿಯ ಹೊತ್ತಿಗೆ ಸಾಲು ಮುಚ್ಚಿಕೊಂಡಿತ್ತು. ಗೆಡ್ಡೆ ಇನ್ನೂ ನಿಂಬೆಕಾಯಿಯಷ್ಟಿದ್ದಾಗಲೇ ಎಲೆ ಹೋಯಿತು, ಎಲೆ ಹೋದ ಮೇಲೆ ಗೆಡ್ಡೆ ಬೆಳೆಯುವ ಮಾತೇ ಇಲ್ಲ.

ನವೆಂಬರ್ ಮೊದಲ ವಾರದಲ್ಲಿ ನೆಟ್ಟರೆ ವಿಶಾಖೆಯ ಮಳೆ ಬಂದಾಗ ಗಿಡವಿನ್ನೂ ಮಣ್ಣೊಳಗಿರುತ್ತದೆ ಅಥವಾ ನಾಲ್ಕೆಲೆಯದಾಗಿರುತ್ತದೆ. ಸಾಲು ಮುಚ್ಚುವುದು ಡಿಸೆಂಬರ್ ನಡುವಿನಲ್ಲಿ. ಆಗ ನಮ್ಮಲ್ಲಿ ಬೆಳಗಿನ ಇಬ್ಬನಿ ಬಿಟ್ಟರೆ ಮಳೆ ಅಪರೂಪ, ಬಿಸಿಲೇರಿದೊಡನೆ ಎಲೆ ಒಣಗುತ್ತದೆ. ಅಕ್ಟೋಬರ್ ನಡುವಿನಲ್ಲಿ ನೆಡುವವರು ಇಲ್ಲವೆಂದಲ್ಲ. ಮಾರುಕಟ್ಟೆಗೆ ಬೆಳೆಯುವ ರೈತರು ಡಿಸೆಂಬರ್ ಬೆಲೆಯ ಆಸೆಗೆ ನೆಡುತ್ತಾರೆ, ವಾರಕ್ಕೊಮ್ಮೆ ಔಷಧಿ ಹೊಡೆದು ಉಳಿಸಿಕೊಳ್ಳುತ್ತಾರೆ. ಅವರದು ವ್ಯಾಪಾರ. ಮನೆಯ ಊಟಕ್ಕೆ ಬೆಳೆಯುವವರು ಹದಿನೈದು ದಿನ ತಡವಾಗಿ ನೆಟ್ಟು ಅರ್ಧದಷ್ಟು ಔಷಧಿ ಉಳಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ಡಿಸೆಂಬರಿನಲ್ಲಿ ಚಂಡಮಾರುತದ ಸುದ್ದಿ ಬಂದರೆ, ಮೋಡ ಕವಿಯುವ ಮೊದಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಅಥವಾ ಶೇಕಡಾ 1ರ ಬೋರ್ಡೊ (ಮೈಲುತುತ್ತ, ಸುಣ್ಣದ) ದ್ರಾವಣವನ್ನು ಎಲೆಯ ಕೆಳಮೈಯೂ ನೆನೆಯುವಂತೆ ಸಿಂಪಡಿಸಿ. ರೋಗ ಬಂದ ಮೇಲೆ ಇವೆರಡೂ ಅಷ್ಟಕ್ಕಷ್ಟೇ. ಹಿಪ್ಪುನೇರಳೆ ಪಕ್ಕದಲ್ಲಿದೆ ಎಂದಿದ್ದೀರಿ; ಗಾಳಿ ಆ ಕಡೆಗೆ ಬೀಸುವಾಗ ಏನನ್ನೂ ಸಿಂಪಡಿಸಬೇಡಿ. ಕೀಟನಾಶಕವನ್ನಂತೂ ಆ ಮಡಿಯಲ್ಲಿ ಬಳಸಲೇಬೇಡಿ, ಒಂದು ಹನಿ ಬಿದ್ದ ಸೊಪ್ಪು ತಿಂದರೂ ರೇಷ್ಮೆಹುಳು ಉಳಿಯುವುದಿಲ್ಲ. ಒಂದು ಮಡಿ ಆಲೂಗೆಡ್ಡೆಗಾಗಿ ನೆರೆಯವರ ಒಂದು ಸಲದ ರೇಷ್ಮೆ ಬೆಳೆ ಹೋದರೆ ಆ ಋಣ ತೀರುವಂಥದಲ್ಲ.

ಇನ್ನು ಸಂಕ್ರಾಂತಿಯ ಲೆಕ್ಕ. ನವೆಂಬರ್ 5ರಂದು ನೆಟ್ಟರೆ ಜನವರಿ 14ಕ್ಕೆ ಎಪ್ಪತ್ತು ದಿನವಾಗುತ್ತದೆ. ಬೆಳೆ ಪೂರ್ತಿ ಬಲಿಯಲು ಅದು ಸಾಲದು. ನಮ್ಮಲ್ಲಿ ಎಲ್ಲೆಡೆ ಸಿಗುವ ಕುಫ್ರಿ ಜ್ಯೋತಿ ತಳಿಗೆ ತೊಂಬತ್ತರಿಂದ ನೂರು ದಿನ ಬೇಕು. ಆದರೆ ನಿಮಗೆ ಬೇಕಾದದ್ದು ಹಬ್ಬದ ದಿನಕ್ಕೆ ಹೊಸ ಗೆಡ್ಡೆ, ಮೂಟೆ ಕಟ್ಟಿಡುವ ಬೆಳೆಯಲ್ಲ. ಅದಕ್ಕೆ ಗಿಡ ಕೀಳಬೇಕಾಗಿಲ್ಲ. ಬುಡಕ್ಕೆ ಏರಿಸಿದ ದಿಂಡಿನ ಪಕ್ಕದಲ್ಲಿ ಮಣ್ಣು ಸಣ್ಣಗೆ ಬಿರುಕು ಬಿಟ್ಟ ಕಡೆ ಬೆರಳು ತೂರಿಸಿ ತಡವಿದರೆ ದೊಡ್ಡ ಗೆಡ್ಡೆ ಕೈಗೆ ಸಿಗುತ್ತದೆ. ಕೋಳಿಮೊಟ್ಟೆಗಿಂತ ದೊಡ್ಡದಿದ್ದರೆ ಮೆಲ್ಲನೆ ತಿರುಚಿ ಬಿಡಿಸಿಕೊಂಡು ಮಣ್ಣನ್ನು ಮೊದಲಿನಂತೆ ಒತ್ತಿ ಮುಚ್ಚಿ. ಗಿಡಕ್ಕೆ ಒಂದೆರಡರಂತೆ ತೆಗೆದರೆ ಉಳಿದ ಗೆಡ್ಡೆಗಳು ಇನ್ನೂ ದಪ್ಪಗಾಗುತ್ತವೆ. ಆ ವಯಸ್ಸಿನ ಗೆಡ್ಡೆಯ ಸಿಪ್ಪೆ ಹೆಬ್ಬೆರಳಿನಿಂದ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ, ಚಾಕು ಬೇಡ. ಅದೇ ಕಾರಣಕ್ಕೆ ನಾಲ್ಕು ದಿನಕ್ಕಿಂತ ಹೆಚ್ಚು ಇಡಲೂ ಬರುವುದಿಲ್ಲ. ಬೇಕಾದಾಗ ಬೇಕಾದಷ್ಟೇ ತೆಗೆಯಬೇಕು. ಇಡೀ ಮಡಿಯನ್ನು ಫೆಬ್ರುವರಿ ಮೊದಲ ಅಥವಾ ಎರಡನೆಯ ವಾರ, ಎಲೆ ಹಳದಿಗೆ ತಿರುಗಿದ ಮೇಲೆ, ಹತ್ತು ದಿನ ನೀರು ನಿಲ್ಲಿಸಿ ಅಗೆಯಿರಿ.

ಎಪ್ಪತ್ತು ದಿನದಲ್ಲಿ ಮೊಟ್ಟೆಗಾತ್ರದ ಗೆಡ್ಡೆ ಖಂಡಿತ ಬೇಕೆಂದರೆ ಬೇಗ ಗೆಡ್ಡೆ ಕಟ್ಟುವ ತಳಿ ಆರಿಸಿಕೊಳ್ಳಿ. ಕುಫ್ರಿ ಪುಖರಾಜ್ ನನ್ನ ಮೊದಲ ಆಯ್ಕೆ; 1998ರಲ್ಲಿ ಬಿಡುಗಡೆಯಾದ ತಳಿ, ತಿರುಳು ಹಳದಿ, ಎಪ್ಪತ್ತು, ಎಪ್ಪತ್ತೈದು ದಿನಕ್ಕೇ ತೂಕ ಬರುತ್ತದೆ. ಪಲ್ಯ, ಸಾಗುವಿಗೆ ಚೆನ್ನ, ಚಿಪ್ಸಿಗೆ ಅಲ್ಲ. ಕುಫ್ರಿ ಚಂದ್ರಮುಖಿಯೂ ಬೇಗ ಬರುತ್ತದೆ, ರುಚಿಯಲ್ಲಿ ಒಂದು ಕೈ ಮೇಲು, ಆದರೆ ಅಂಗಮಾರಿಗೆ ಬೇಗ ತುತ್ತಾಗುತ್ತದೆ. ಚಂದ್ರಮುಖಿ, ಜ್ಯೋತಿ ಎರಡೂ 1968ರ ತಳಿಗಳು. ಜ್ಯೋತಿಗೆ ಆಗ ಇದ್ದ ಅಂಗಮಾರಿ ನಿರೋಧಕ ಶಕ್ತಿ ಈಗ ಉಳಿದಿಲ್ಲ. ಹಳೆಯ ಪುಸ್ತಕ ನೋಡಿ ಧೈರ್ಯ ತಂದುಕೊಳ್ಳಬೇಡಿ. ಹೆಸರಿನ ಮುಂದಿನ ಕುಫ್ರಿ ಎಂಬುದು ಶಿಮ್ಲಾದ ಹತ್ತಿರದ ಊರು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆ ಆ ಹೆಸರು ಸೇರಿಸುತ್ತದೆ.

ತಳಿಗಿಂತಲೂ ದೊಡ್ಡ ಮಾತು ಬಿತ್ತನೆ ಗೆಡ್ಡೆಯ ಸ್ಥಿತಿ. ನೀವು ನೆಟ್ಟದ್ದು ಅಡುಗೆಯ ಗೆಡ್ಡೆ. ಅದು ಮೊಳಕೆ ಬಾರದಂತೆ ಔಷಧ ತಾಗಿಸಿಕೊಂಡಿದ್ದಾಗಿರಬಹುದು, ಎರಡು ವಾರದ ಹಿಂದೆ ಅಗೆದದ್ದಾಗಿರಬಹುದು, ಒಳಗೆ ನಂಜುರೋಗ ಇಟ್ಟುಕೊಂಡದ್ದಾಗಿರಬಹುದು. ನೋಡಿ ಹೇಳಲು ಬರುವುದಿಲ್ಲ. ನಮ್ಮ ಜಿಲ್ಲೆಗಳ ಬಿತ್ತನೆ ಗೆಡ್ಡೆ ಬಹುಪಾಲು ಪಂಜಾಬಿನ ಜಲಂಧರದ ಕಡೆಯಿಂದ ಬರುತ್ತದೆ. ಅಲ್ಲಿ ಚಳಿಗಾಲದ ಕೊನೆಗೆ ಅಗೆದು 2ರಿಂದ 4 ಡಿಗ್ರಿಯ ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಅಕ್ಟೋಬರ್ ಹೊತ್ತಿಗೆ ನಮಗೆ ಸಿಗುತ್ತದೆ. ಅಷ್ಟು ದಿನ ಮಲಗಿ ಎದ್ದ ಗೆಡ್ಡೆಗೆ ಎಲ್ಲ ಕಣ್ಣುಗಳಿಂದಲೂ ಮೊಳಕೆ ಒಡೆಯುವ ಆತುರವಿರುತ್ತದೆ. ಅಕ್ಟೋಬರ್ 15ರಿಂದ 20ರೊಳಗೆ ಬಿತ್ತನೆ ಗೆಡ್ಡೆ ಮನೆಗೆ ತನ್ನಿ. ಮೂಟೆಯಲ್ಲೇ ಬಿಡಬೇಡಿ, ತಣ್ಣಗಿನ ಗೆಡ್ಡೆಯ ಮೈಮೇಲೆ ಬೆವರು ಕಟ್ಟಿ ಒಂದೇ ರಾತ್ರಿಗೆ ಕೊಳೆ ಹತ್ತುತ್ತದೆ. ಗಾಳಿ ಆಡುವ ಜಗಲಿಯಲ್ಲಿ, ಬಿಸಿಲು ನೇರ ಬೀಳದ ಆದರೆ ಬೆಳಕಿರುವ ಕಡೆ ಒಂದೇ ಪದರವಾಗಿ ಹರಡಿ. ರೇಷ್ಮೆ ಮನೆಯಲ್ಲಿ ಹಳೆಯ ತಟ್ಟೆಗಳಿದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ, ಆದರೆ ತಟ್ಟೆಯನ್ನು ತೊಳೆದು ಬಿಸಿಲಿಗೆ ಒಣಗಿಸಿಕೊಳ್ಳಿ. ಹತ್ತು ಹದಿನೈದು ದಿನದಲ್ಲಿ ಕಡಲೆಕಾಳಿನ ಗಾತ್ರದ, ಗಿಡ್ಡ, ದಪ್ಪ, ಹಸಿರು ಅಥವಾ ನೇರಳೆ ಬಣ್ಣದ ಮೊಳಕೆಗಳು ಬರುತ್ತವೆ. ಕತ್ತಲಲ್ಲಿಟ್ಟರೆ ಬರುವ ಉದ್ದನೆಯ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತದೆ. ಮೊಳಕೆ ಬಾರದೆ ಉಳಿದವನ್ನೂ, ಕೂದಲಿನಂತೆ ತೆಳ್ಳಗೆ ಮೊಳೆತವನ್ನೂ ಬೇರೆ ತೆಗೆದುಬಿಡಿ. ಹೀಗೆ ಮೊಳಕೆ ಬರಿಸಿ ನೆಟ್ಟರೆ ಗಿಡ ಒಂದು ವಾರವಾದರೂ ಮುಂಚೆ ಮೇಲೆ ಬರುತ್ತದೆ. ಬೇಗದ ಬೆಳೆ ಎಂಬುದು ನಿಮಗೆ ನಿಜವಾಗಿ ಸಿಗುವುದು ಈ ತಟ್ಟೆಯ ಮೇಲೆಯೇ, ಮಣ್ಣಿನಲ್ಲಿ ಅಲ್ಲ.

ಅಕಸ್ಮಾತ್ ನವೆಂಬರ್ ಮೊದಲ ವಾರ ಮಳೆ ಬಿಡದಿದ್ದರೂ ಮೊಳಕೆಯೊಡೆದ ಗೆಡ್ಡೆ ಬೆಳಕಿನಲ್ಲಿ ಇನ್ನೂ ಹದಿನೈದು ದಿನ ಕಾಯಬಲ್ಲದು. ಕೆಸರಿಗೆ ಹಾಕಿದರೆ ಒಂದು ದಿನವೂ ಕಾಯುವುದಿಲ್ಲ.

ನಿಮ್ಮ ಮಡಿಗೆ ಎರಡಡಿ ಅಂತರದ ನಾಲ್ಕು ಸಾಲು, ಸಾಲಿನಲ್ಲಿ ಎಂಟು ಅಂಗುಲಕ್ಕೊಂದರಂತೆ ಮೂವತ್ತು ಗೆಡ್ಡೆ, ಒಟ್ಟು 120 ಬೇಕು. 40ರಿಂದ 50 ಗ್ರಾಂ ತೂಕದ ಇಡೀ ಗೆಡ್ಡೆಯಾದರೆ ಐದರಿಂದ ಆರು ಕೆಜಿ. ಉಳಿತಾಯಕ್ಕೆಂದು ಕತ್ತರಿಸುವುದು ಇಷ್ಟು ಸಣ್ಣ ಮಡಿಗೆ ಬೇಡವೇ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರು ಮಂಕರಿ, ನಾಟಿಗೆ ಎರಡು ವಾರ ಮುಂಚೆ ಸೇರಿಸಿ. ಹಸಿ ಸಗಣಿ ಹಾಕಿದರೆ ಗೆಡ್ಡೆಯ ಮೈಮೇಲೆ ಕಜ್ಜಿ ಏಳುತ್ತದೆ. ಇಪ್ಪತ್ತೈದರಿಂದ ಮೂವತ್ತನೆಯ ದಿನದೊಳಗೆ ಬುಡಕ್ಕೆ ಮಣ್ಣು ಏರಿಸಿ. ಬಿಸಿಲು ಕಂಡ ಗೆಡ್ಡೆ ಹಸಿರಾಗಿ ಕಹಿಯಾಗುತ್ತದೆ, ತಿನ್ನಲು ಯೋಗ್ಯವಲ್ಲ. ನೀರನ್ನು ಬೆಳಿಗ್ಗೆ, ಸಾಲಿನ ಕಾಲುವೆಯಲ್ಲಿ, ಐದಾರು ದಿನಕ್ಕೊಮ್ಮೆ ಕೊಡಿ. ಸಂಜೆ ಎಲೆಯ ಮೇಲೆ ಸಿಡಿಸಿದರೆ ಅಂಗಮಾರಿಯನ್ನು ಕೈಹಿಡಿದು ಕರೆತಂದಂತೆ.

ನಾನು ಹೇಳಿದ ತಾರೀಖು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರಿನ ಆಸುಪಾಸಿನ ಊರುಗಳಿಗೆ. ನಂದಿಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ರಾತ್ರಿ ಬೇಗ ತಣಿಯುತ್ತದೆ, ನೀರು ನಿಲ್ಲದ ಇಳಿಜಾರಾದರೆ ಅಕ್ಟೋಬರ್ ಕೊನೆಯ ವಾರವೇ ನೆಡಬಹುದು. ಗೌರಿಬಿದನೂರು, ಬಾಗೇಪಲ್ಲಿ, ತುಮಕೂರು ಜಿಲ್ಲೆಯ ಸಿರಾ, ಪಾವಗಡ ಇವು ಇನ್ನೂರು ಮೀಟರಿನಷ್ಟು ತಗ್ಗು. ಎತ್ತರ ಸಾವಿರ ಮೀಟರ್ ಇಳಿದರೆ ಶಾಖ ಆರು ಡಿಗ್ರಿಗೂ ಹೆಚ್ಚು ಏರುತ್ತದೆಂಬ ಲೆಕ್ಕದಲ್ಲಿ ಅಲ್ಲಿಗೆ ಒಂದು ಡಿಗ್ರಿ ಮೇಲೆಯೇ ವ್ಯತ್ಯಾಸ. ಅಲ್ಲಿಯವರು ನವೆಂಬರ್ ಮೂರನೆಯ ವಾರದವರೆಗೆ ತಡೆಯುವುದು ಲೇಸು. ಹಾಸನದ ನೆಂಟರು ಮೇ ಕೊನೆ, ಜೂನಿನಲ್ಲಿ ನೆಡುತ್ತಾರಲ್ಲ ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಅಲ್ಲಿ ಮಲೆನಾಡಿನ ಸೆರಗಿನ ಮುಂಗಾರು ಮೋಡ ಇಡೀ ಜುಲೈ, ಆಗಸ್ಟ್ ಹಗಲನ್ನೂ ತಂಪಾಗಿಡುತ್ತದೆ. ನಮ್ಮ ಮುಂಗಾರು ಒಂದು ದಿನ ಮೋಡ, ನಾಲ್ಕು ದಿನ ಬಿಸಿಲು. ಆ ಲೆಕ್ಕ ಇಲ್ಲಿಗೆ ಒಗ್ಗದು.

ನವೆಂಬರ್ ಪೂರ್ತಿ ಮಳೆಯಾಗಿ ಅವಕಾಶ ತಪ್ಪಿದರೆ ಎರಡನೆಯ ಬಾಗಿಲೊಂದು ತೆರೆದಿರುತ್ತದೆ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ ನೆಟ್ಟರೆ ಗೆಡ್ಡೆ ಕಟ್ಟುವ ಕಾಲ ಫೆಬ್ರುವರಿಯಲ್ಲಿ ಬಂದು ಮಾರ್ಚ್ ಕೊನೆಗೆ ಅಗೆಯಬಹುದು. ಅಂಗಮಾರಿಯ ಭಯ ಬಹಳ ಕಡಿಮೆ; ನೀರು ಮಾತ್ರ ಪೂರ್ತಿ ಬೋರ್‌ವೆಲ್ಲಿನದೇ ಆಗಬೇಕು. ಸಂಕ್ರಾಂತಿ ದಾಟಿದರೆ ಆಸೆ ಬಿಡಿ. ನಾನೇ ಒಮ್ಮೆ ಬಿತ್ತನೆ ಗೆಡ್ಡೆ ತಡವಾಗಿ ಸಿಕ್ಕಿತೆಂದು ಕೋಲಾರದ ಹತ್ತಿರ ಫೆಬ್ರುವರಿ ಮೂರನೆಯ ವಾರ ನೆಟ್ಟಿದ್ದೆ. ಗಿಡ ಮೊಣಕಾಲುದ್ದ ಬೆಳೆದು ನೋಡಿದವರೆಲ್ಲ ಹೊಗಳಿದರು. ಏಪ್ರಿಲ್ ಕೊನೆಗೆ ಅಗೆದರೆ ಗೋಲಿಗಳು. ಕೆಲವಕ್ಕೆ ಶುಂಠಿಯಂತೆ ಗಂಟಿನ ಮೇಲೆ ಗಂಟು. ಸೆಖೆಯಲ್ಲಿ ಬೆಳವಣಿಗೆ ನಿಂತು, ನೀರು ಕೊಟ್ಟಾಗ ಮತ್ತೆ ಹೊರಟು ಹಾಗಾಗುತ್ತದೆ. ಬಿಸಿಲಲ್ಲಿ ಬಿರುಕು ಬಿಟ್ಟ ಮಣ್ಣಿನ ಸಂದಿಯಿಂದ ಆಲೂಗೆಡ್ಡೆಯ ಪತಂಗ ಇಳಿದು ಮೊಟ್ಟೆಯಿಟ್ಟು, ಅದರ ಮರಿಹುಳುಗಳು ಅರ್ಧ ಗೆಡ್ಡೆಗಳನ್ನು ಕೊರೆದೂ ಇದ್ದವು.

ಕೊನೆಯದಾಗಿ, ಫೆಬ್ರುವರಿಯಲ್ಲಿ ಅಗೆದಾಗ ಉಳಿಯುವ ಸಣ್ಣ ಗೆಡ್ಡೆಗಳನ್ನು ಮತ್ತೆ ನೆಡಬಹುದೇ ಎಂಬ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಅಗೆದ ಗೆಡ್ಡೆ ಆರರಿಂದ ಹತ್ತು ವಾರ ನಿದ್ದೆಯಲ್ಲಿರುತ್ತದೆ, ಎಷ್ಟು ನೀರು ಹೊಯ್ದರೂ ಏಳುವುದಿಲ್ಲ. ಏಳುವ ಹೊತ್ತಿಗೆ ಏಪ್ರಿಲ್ ಬಿಸಿಲು ಬಂದಿರುತ್ತದೆ. ಅಕ್ಟೋಬರ್‌ವರೆಗೆ ಮನೆಯಲ್ಲಿಟ್ಟರೆ ಮುದುಡಿ, ಪತಂಗದ ಪಾಲಾಗುತ್ತದೆ. ಅವನ್ನು ಸಿಪ್ಪೆ ಸಮೇತ ಬೇಯಿಸಿ ಒಗ್ಗರಣೆ ಹಾಕಿಕೊಂಡು, ಮುಂದಿನ ಅಕ್ಟೋಬರಿಗೆ ಹೊಸ ಬಿತ್ತನೆ ಗೆಡ್ಡೆಯನ್ನೇ ತನ್ನಿ.